ಹಿಂದಿನಿಂದ ಯಾರೂ ಕರೆಯದ ಪೇಟೆ

ಬೆಂಗಳೂರು, ೨೧೧೨ನೇ ಇಸವಿ, ಹದಿಮೂರನೆಯ ತಿಂಗಳ ಮೊದಲ ಬುಧವಾರ

ಚಿಕ್ಕಪೇಟೆಯಲ್ಲಿ ಇನ್ನೂ ಬೆವರುತ್ತಾ ಓಡಾಡುತ್ತಿರುವ ಹಿರಿಯರಿಗೆ,

ತಾರೀಖು ಕಂಡು ಕಾಗದ ಮಡಚಿಡಬೇಡಿ. ಹದಿಮೂರನೆಯದು ಅಧಿಕ ಮಾಸವಲ್ಲ, ರಿಯಾಯಿತಿ ಮಾಸ. ಹನ್ನೆರಡು ತಿಂಗಳಲ್ಲಿ ಮಾರಿ ಮುಗಿಯದ್ದನ್ನು ಮಾರಲೆಂದೇ ವ್ಯಾಪಾರಿಗಳು ಪಂಚಾಂಗಕ್ಕೆ ತುರುಕಿದ್ದಾರೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನನಗೂ ಹಾಗೇ ಅನಿಸುತ್ತದೆ.

ಇಲ್ಲಿ ಯಾರೂ ಅಂಗಡಿಗೆ ಹೋಗುವುದಿಲ್ಲ. ಪ್ರತಿ ಮನೆಯ ಗೋಡೆಯಲ್ಲೂ ಬಯಕೆಗಂಡಿ ಎಂಬ ತೂತಿದೆ. ಬೇಕೆನಿಸುವ ಮೊದಲೇ ಸಾಮಾನು ಅದರಿಂದ ಉದುರುತ್ತದೆ. ನಿನ್ನೆ ನನಗೆ ಶೀತದ ಮಾತ್ರೆ ಬಂತು. ಇವತ್ತು ಮರ್ಯಾದೆಗಾದರೂ ಸೀನಬೇಕಾಯಿತು. ಪೇಟೆ ನೋಡಬೇಕೆಂದರೆ ಟಿಕೆಟ್ ಕೊಂಡು ಪೇಟೆ ವಿಹಾರಕ್ಕೆ ಹೋಗಬೇಕು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳನ್ನು ತೊಳೆದು, ಇಸ್ತ್ರಿ ಮಾಡಿ, ಗಾಜಿನ ಸೂರಿನಡಿ ಇಟ್ಟಿರುವ ಜಾಗ ಅದು. ಬಾಗಿಲಲ್ಲಿ ವಾಸನಾಧಿಕಾರಿ ಮಲ್ಲಿಗೆಯನ್ನೂ ಚರಂಡಿಯನ್ನೂ ಅಳತೆಯಲ್ಲಿ ಬೆರೆಸಿ ಮೂಗಿಗೆ ಸಿಂಪಡಿಸುತ್ತಾನೆ. ನೂಕಾಳುಗಳೆಂಬ ಸಂಬಳದ ಜನ ಮೈಮೇಲೆ ಬಿದ್ದು, ಆಮೇಲೆ ಕೈಮುಗಿದು ಕ್ಷಮೆ ಕೇಳುತ್ತಾರೆ. ಗೋಡೆಯ ಮೇಲಿನ ಎಲೆಯಡಿಕೆ ಉಗುಳನ್ನು ದಿನಾ ಬೆಳಿಗ್ಗೆ ಕುಂಚದಿಂದ ಬಿಡಿಸುತ್ತಾರೆ. ನಿಮ್ಮ ಕಾಲದಲ್ಲಿ ಅದು ಕಲೆಯಾಗಿತ್ತು, ಈಗಲೂ ಕಲೆಯೇ. ಕಲಾವಿದನಿಗೆ ಪ್ರಶಸ್ತಿ ಬೇರೆ. ಟೊಮೆಟೊ ಒತ್ತಿ ನೋಡಿದೆ, ರಬ್ಬರ್ ಗೊಂಬೆಯಂತೆ ಕುಂಯ್ ಎಂದಿತು. ನಿಜವಾದ ಕೊಳಕಿಗೆ ಮೂಗು ಮುಚ್ಚಿಕೊಳ್ಳಬಹುದು. ಈ ಕೊಳಕಿಗೆ ಏನನ್ನು ಮುಚ್ಚಿಕೊಳ್ಳುವುದು?

ಆದರೂ ಹೋದದ್ದು ನಮ್ಮಜ್ಜಿಗಾಗಿ. ಹೆಸರು ಇಶಾನ್ವಿ, ನಿಮ್ಮಲ್ಲಿ ತೊಟ್ಟಿಲಿನ ಹೆಸರು, ನಮ್ಮಲ್ಲಿ ಬೊಚ್ಚುಬಾಯಿಯದು. ಹುಡುಗಿಯಾಗಿದ್ದಾಗ ಅಮ್ಮನ ಜೊತೆ ನಿಮ್ಮ ಚಿಕ್ಕಪೇಟೆಯ ಬೀದಿಯಲ್ಲಿ ಚೌಕಾಸಿ ಕಲಿತವರು. "ಸಾಯೋದ್ರೊಳಗೆ ಒಂದ್ಸಲ ಬೇಡ ಅಂತ ಹೊರಟುಬಿಡ್ಬೇಕು ಕಣೋ, ಅಂಗಡಿಯವನು ಹಿಂದಿನಿಂದ ಕರೀಬೇಕು" ಎನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಅಷ್ಟೇ.

ಪಾತ್ರೆ ಅಂಗಡಿಯಲ್ಲಿ ಕಾಫಿ ಫಿಲ್ಟರ್ ಎತ್ತಿ, ಬೆಳಕಿಗೆ ಹಿಡಿದು ತೂತು ನೋಡಿ, ಅಜ್ಜಿ ಶುರುವಿಟ್ಟರು. "ಇದೇನಯ್ಯ, ತಗಡು ಬಳುಕ್ತಾ ಇದೆ. ಅರ್ಧಕ್ಕೆ ಕೊಡು."

ಅಂಗಡಿಯವನ ವೇಷದಲ್ಲಿದ್ದವನು ಪಾಠ ಒಪ್ಪಿಸಿದ. "ಬೋಣಿ ಟೈಮು ಅಮ್ಮಾ, ನಮಗೂ ಗಿಟ್ಟಬೇಕಲ್ಲ."

"ಗಿಟ್ಟದೇನೇ ಈ ಹೊಟ್ಟೆ ಹೇಗಪ್ಪಾ ಬಂತು?"

ಇದಕ್ಕೆ ಉತ್ತರ ಅವನಿಗೆ ಯಾರೂ ಕಲಿಸಿರಲಿಲ್ಲ. ಮತ್ತೆ ಬೋಣಿಯಿಂದಲೇ ಆರಂಭಿಸಿದ. ಅಜ್ಜಿ ಫಿಲ್ಟರನ್ನು ಟಣ್ಣನೆ ಕುಕ್ಕಿ, "ಬೇಡ ಬಿಡು" ಎಂದು ತಿರುಗಿ ನಡೆದರು. ಮುಖ ಅರಳಿತ್ತು. ಬೇಕೆಂದೇ ಮೆಲ್ಲಗೆ ನಡೆದರು, ನೆರಿಗೆ ಸರಿಮಾಡುವ ನೆಪದಲ್ಲಿ ನಿಂತರು. ಹಿಂದೆ ಆತ ಗಂಟೆ ಒತ್ತಿ, "ಮುಂದಿನವರು ಬನ್ನಿ" ಎಂದ.

ನೋಡಲಾಗದೆ ನಾನೇ ಗಂಟಲು ದಪ್ಪ ಮಾಡಿ ಕೂಗಿದೆ. "ಬನ್ನಿ ಅಮ್ಮಾ, ನಿಮ್ಮ ಮಾತೇ ಆಗ್ಲಿ, ತಗೊಂಡ್ಹೋಗಿ."

ಅಜ್ಜಿ ತಿರುಗಲಿಲ್ಲ. "ಸುಮ್ನಿರೋ. ಕೊಡೋಕೆ ನಿನ್ನ ಹತ್ರ ಏನಿದೆ?"

ಅಂದಿನಿಂದ ಅವರು ಪೇಟೆಯ ಸುದ್ದಿ ಎತ್ತಿಲ್ಲ.

ಆದ್ದರಿಂದ ಅಂಗಡಿ ಇಟ್ಟವರಲ್ಲಿ ಒಂದು ಕೋರಿಕೆ. ಬೇಡವೆಂದು ಹೊರಟ ಗಿರಾಕಿಯ ನಡಿಗೆ ಮೆಲ್ಲಗಾದರೆ, ಕೈಯಲ್ಲಿರುವ ಫೋನ್ ಕೆಳಗಿಟ್ಟು ಒಮ್ಮೆ ಕೂಗಿ. ಬೆಲೆ ಇಳಿಸದಿದ್ದರೂ ಚಿಂತೆಯಿಲ್ಲ, ಬೈದುಕೊಂಡೇ ಕರೆಯಿರಿ. ನಮ್ಮಜ್ಜಿ ಈಗ ನಿಮ್ಮ ಬೀದಿಯಲ್ಲೇ ಇದ್ದಾರೆ, ಅಮ್ಮನ ಬೆರಳು ಹಿಡಿದುಕೊಂಡು. ಅಮ್ಮ ಮುಂದೆ ನೋಡುತ್ತಾ ನಡೆಯುತ್ತಾಳೆ. ಮಗು ಹಿಂದಕ್ಕೆ ತಿರುಗಿ ನಿಮ್ಮ ಬಾಯನ್ನೇ ನೋಡುತ್ತಿರುತ್ತದೆ.

ಇಂತಿ,
ಇನ್ನೂ ಹುಟ್ಟದ ನಿಮ್ಮವನು,
ತ್ರಿಲೋಕ