ಎಡಗೈಯ ಹರ್ಕ್ಯುಲಿಸ್

ಬೊಲೋನ್ಯಾ
12 ನವೆಂಬರ್ 1587

ನನ್ನ ಎರ್ಸೀಲಿಯಾಗೆ ಅಪ್ಪನ ಆಶೀರ್ವಾದಗಳು.

ನಿನ್ನ ಮೂರೂ ಕಾಗದ ತಲುಪಿವೆ. ನಿನ್ನ ಮದುವೆಯಾದ ಎರಡು ವರ್ಷಕ್ಕೆ ಇದು ನನ್ನ ಮೊದಲ ಉತ್ತರ. ಬೈಯುವುದಿದ್ದರೆ ಬೈದುಕೋ, ಮೊದಲು ನಿನ್ನೆಯ ಕಥೆ ಕೇಳು.

ತೊಗಲು ಹದ ಮಾಡಿಸಿ ಸಾಹುಕಾರರಾದ ಮೆಸ್ಸೆರ್ ಗಾಸ್ಪಾರೆ ಗೊತ್ತಲ್ಲ? ಈ ವರ್ಷ ಕುಲೀನರ ಪಟ್ಟಿಗೆ ಸೇರಿದರು. ಊರಿಗೆಲ್ಲ ಹಂಚಲು ಅಚ್ಚಿನ ಚಿತ್ರ ಬೇಕೆಂದರು: ಕವಲುದಾರಿಯಲ್ಲಿ ಹರ್ಕ್ಯುಲಿಸ್, ಒಂದು ಕಡೆ ಸುಖದೇವಿ, ಇನ್ನೊಂದು ಕಡೆ ಸದ್ಗುಣದೇವಿ. ಹರ್ಕ್ಯುಲಿಸನ ಮುಖ ತಮ್ಮದೇ ಇರಬೇಕು, ಹೊಟ್ಟೆ ಮಾತ್ರ ಬೇಡವಂತೆ. ನಾಲ್ಕು ತಿಂಗಳು ತಾಮ್ರದ ತಗಡು ಕೊರೆದೆ. ನಿನ್ನೆ ಸಂತ ಮಾರ್ತೀನರ ಹಬ್ಬ. ಅವರ ಮನೆಯಲ್ಲಿ ಹೊಸ ದ್ರಾಕ್ಷಾರಸ, ಹುರಿದ ಬಾತುಕೋಳಿ, ಐವತ್ತು ಜನ ದೊಡ್ಡವರು. ಅಚ್ಚುಮನೆಯಿಂದ ನೇರವಾಗಿ ಬಂದ ಪ್ರತಿಯನ್ನು ಎಲ್ಲರೆದುರು ಬಿಚ್ಚಿದರು. ಅಲ್ಲಿಯವರೆಗೆ ನಾನೂ ನೋಡಿರಲಿಲ್ಲ.

'ತಗಡಿನ ಎಡ ಕಾಗದದಲ್ಲಿ ಬಲ' ಎಂದು ನಿನಗೆ ಹೇಳಿಕೊಟ್ಟ ನಾನೇ ಮರೆತಿದ್ದೆ. ಹರ್ಕ್ಯುಲಿಸ್ ಎಡಗೈಯಲ್ಲಿ ಗದೆ ಎತ್ತಿದ್ದ! ಮೂವತ್ತು ವರ್ಷದ ಹೆಸರು ಮಣ್ಣುಪಾಲಾಯಿತು ಅಂದುಕೊಂಡೆ.

"ತೊಗಲಿನವರ ಹರ್ಕ್ಯುಲಿಸ್ ಅಲ್ವೆ, ಹೀಗೇ ಇರ್ತಾನೆ!" ಎಂದು ಹಳೇ ಮನೆತನದವನೊಬ್ಬ ಕಿಸಕ್ಕೆಂದ. ಪಕ್ಕದ ಪಂಡಿತರು ಬಾತಿನ ಕಾಲು ಕೆಳಗಿಡದೆಯೇ, "ತಪ್ಪೇನಿಲ್ಲ ರೀ. ಹೃದಯ ಇರೋದು ಎಡಕ್ಕೆ. ಇದು ಹೃದಯದ ಶೌರ್ಯ, ಗ್ರೀಕರೇ ಹೇಳಿದ್ದಾರೆ" ಅಂದರು. ಯಾವ ಗ್ರೀಕ ಹೇಳಿದನೋ ಆ ಬಾತಿಗೇ ಗೊತ್ತು.

ಗಾಸ್ಪಾರೆ ಮಾತ್ರ ಚಿತ್ರದ ಮುಂದಿನಿಂದ ಕದಲಲಿಲ್ಲ. ಆಮೇಲೆ, "ಲತ್ತಾನ್ಸಿಯೊ, ನಿನಗ್ಯಾರಯ್ಯ ಹೇಳಿದ್ರು? ನಾನು ಹುಟ್ಟಾ ಎಡಚ! ಬಲಗೈಲೇ ಮಾಡು ಅಂತ ನಮ್ಮಪ್ಪ ದಿನಾ ತೊಗಲಿನ ಪಟ್ಟೀಲಿ ಬಾರಿಸ್ತಿದ್ದ" ಎಂದು ಬಿದ್ದು ಬಿದ್ದು ನಕ್ಕರು, ಕಣ್ಣೊರೆಸಿಕೊಂಡರು. ಕೆಲಸಗಾರರ ಬೆಂಚಿನಿಂದ ನನ್ನನ್ನು ಎಬ್ಬಿಸಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ಎಲ್ಲರೆದುರು ಎಡಗೈಯಲ್ಲೇ ಬಟ್ಟಲು ಎತ್ತಿದರು. ಕಿಸಕ್ಕೆಂದವನೂ ಎರಡು ಪ್ರತಿ ಕೇಳಿದ! ನನಗೆ ಇನ್ನೂ ನಗು ನಿಂತಿಲ್ಲ.

ನೂರು ಕಾಲ ಚೆನ್ನಾಗಿ ಬಾಳಿ. ತೋಫಾನೊಗೂ ಆಶೀರ್ವಾದ ತಿಳಿಸು.

ನಿನ್ನ ಅಪ್ಪ,
ಲತ್ತಾನ್ಸಿಯೊ

ಪುನಶ್ಚ: ತಪ್ಪು ಹೇಗಾಯಿತೆಂದು ಯಾರಿಗೂ ಹೇಳಿಲ್ಲ. ಮೂಲಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡು ಕೊರೆಯಬೇಕಲ್ಲ, ಅದರಲ್ಲಿ ನನ್ನ ಬೆನ್ನ ಹಿಂದೆ ನೀನು ಕೂರುತ್ತಿದ್ದ ಕಾಲ್ಮಣೆಯೂ ಕಾಣುತ್ತದೆ. "ಅಚ್ಚಿನ ಯಂತ್ರ ತಿರುಗಿಸೋನಿಗೆ ನನ್ನ ಮಗಳಾ?" ಎಂದು ತೋಫಾನೊನನ್ನು ಹೊಸಿಲಿನಿಂದಲೇ ಅಟ್ಟಿದೆನಲ್ಲ, ನೀನೂ ಅವನ ಹಿಂದೆಯೇ ಹೋದೆ. ಖಾಲಿ ಮಣೆ ನೋಡಲಾರದೆ ಕನ್ನಡಿಯನ್ನು ಗೋಡೆಗೆ ಮುಖ ಮಾಡಿಟ್ಟು, ಇಷ್ಟು ದಿನ ಅಂದಾಜಿನಲ್ಲೇ ಕೊರೆದೆ. ನಿನ್ನೆ 'ತೊಗಲಿನವರು' ಎಂಬ ಮಾತು ಕೇಳಿದಾಗ ಅದು ನನ್ನದೇ ದನಿ ಅನಿಸಿತು. ಇವತ್ತು ಕನ್ನಡಿ ತಿರುಗಿಸಿದ್ದೇನೆ. ಅವನನ್ನೂ ಕರೆದುಕೊಂಡು ಬಾ ಮಗಳೇ, ಮಣೆ ಒರೆಸಿಟ್ಟಿದ್ದೇನೆ.