ಕಪಾಟಿನ ಅಳತೆ

ಕಾಸರಕೋಡ, ಸೋಮವಾರ

ಚಿ. ಸೌ. ವನಿತಾಳಿಗೆ ತಾಯಿಯ ಆಶೀರ್ವಾದ.

ನೀನು ಅಳತೆ ಕೊಟ್ಟು ಮಾಡಿಸಿದ ಬಟ್ಟೆ ಕಪಾಟು ನಿನ್ನೆ ಹೊನ್ನಾವರದಿಂದ ಬಂತು. ನನ್ನ ಕೋಣೆಯಲ್ಲಿ ಇಟ್ಟರೆ ಅದರ ಬಾಗಿಲು ಮಂಚಕ್ಕೆ ತಾಗಿ ಗೇಣಿನಷ್ಟೂ ತೆರೆಯಲಿಲ್ಲ. “ಎಂತ ಅಳತೆ ಮಾರಾಯಾ ಇದು? ಮೀನಿನ ಬುಟ್ಟಿಗೆ ಮುಚ್ಚಳ ಮಾಡೂಕೂ ನೀ ಆಗೂದಿಲ್ಲ” ಎಂದು ಕಪಾಟು ತಂದ ಬಡಗಿಯನ್ನು ನೆರೆಯವರ ಎದುರೇ ಬೈದೆ. ಅವನು ತಲೆ ತಗ್ಗಿಸಿ, “ಅಮ್ಮಾ, ಅಳತೆ ಸಮಾ ಅದೆ. ಮಂಚ ತೆಗಿತೇವೆ, ಅಮ್ಮ ಇನ್ಮೇಲೆ ಜಗಲಿ ಮೇಲೆ ಮನಗ್ತಾರೆ ಅಂತ ನಿಮ್ಮ ಮಗಳೇ ಹೇಳಿದ್ರು” ಎಂದ. ನಿನ್ನ ಅಣ್ಣ, ಅತ್ತಿಗೆ ಇಬ್ಬರೂ ನೆಲ ನೋಡಿದರು.

ಕಪಾಟು ಬೇಕೆಂದವಳು ನಾನೇ. ಅವರಿಬ್ಬರನ್ನು ನಂಬದೆ ಅಳತೆಗೆ ನಿನ್ನನ್ನು ಕರೆಸಿದ್ದೆ. ನಾನು ಮೀನು ಮಾರಲು ಹೋದಾಗ ಮೂವರೂ ಸೇರಿ ಇದನ್ನು ತೀರ್ಮಾನಿಸಿದಿರಿ. ಆ ದಿನ ನಾನು ಬಡಿಸಿದ್ದನ್ನು ನೀನು ಉಂಡು ಹೋದೆ, ಇದನ್ನು ಮಾತ್ರ ನನಗೆ ಹೇಳಲಿಲ್ಲ.

ಬಡಗಿಯ ಕ್ಷಮೆ ಕೇಳಿದ್ದೇನೆ. ಪಕ್ಕಕ್ಕೆ ಸರಿಸುವ ಬಾಗಿಲು ಹಾಕಲು ಹೇಳಿದ್ದೇನೆ. ಅವನು ಭಾನುವಾರ ಮತ್ತೆ ಅಳತೆಗೆ ಬರುತ್ತಾನೆ. ನೀನೂ ಭಟ್ಕಳದಿಂದ ಬಂದು ಟೇಪಿನ ಇನ್ನೊಂದು ತುದಿ ಹಿಡಿ. ನಾನು ಮಂಚದ ಮೇಲೆ ಮಲಗಿರುತ್ತೇನೆ.

ನಿನ್ನ ತಾಯಿ,
ದುರ್ಗಮ್ಮ