ಎಡೆಗೆ ಮುಂಚೆ ತೆಗೆದಿಟ್ಟ ಒಬ್ಬಟ್ಟು

ಅತ್ತೆ,

ತಿಪಟೂರಿಗೆ ಪ್ರಾರ್ಥನೆಗೆ ಹೊರಟಿದ್ದೇನೆ. ನೀವು ಡೈರಿಗೆ ಹಾಲು ಹಾಕಿ ಬರುವವರೆಗೆ ಕಾಯಬಹುದಿತ್ತು. ನಿಮ್ಮ ಮುಖ ನೋಡುವ ಧೈರ್ಯ ಬರಲಿಲ್ಲ.

ಮುದ್ದೆ ಮುಚ್ಚಿಟ್ಟಿದ್ದೇನೆ, ಸಾರು ಬಿಸಿ ಮಾಡಿಕೊಳ್ಳಿ. ಬಿಪಿ ಮಾತ್ರೆ ಮರೆಯಬೇಡಿ. ಕೊಬ್ಬರಿ ನೋಡುತ್ತೇನೆಂದು ಅಟ್ಟ ಹತ್ತಬೇಡಿ, ಎಷ್ಟು ಸಲ ಹೇಳುವುದು. ನಿಮ್ಮ ಮಗ ಬಂದು ನೋಡಲಿ.

ನಿನ್ನೆ ಹಬ್ಬಕ್ಕೆ ನೀವು ಕೊಟ್ಟ ಕಾಯಿ ಒಬ್ಬಟ್ಟನ್ನು ಹಸುವಿನ ಕಲಗಚ್ಚಿಗೆ ಹಾಕಿಬಿಟ್ಟೆ. ನೀವು ನೋಡಿದಿರಿ. ವಿಗ್ರಹಕ್ಕೆ ಎಡೆ ಇಟ್ಟದ್ದನ್ನು ತಿನ್ನುವುದಿಲ್ಲವೆಂದು ದೀಕ್ಷಾಸ್ನಾನದ ದಿನ ಯೇಸುವಿಗೆ ಮಾತು ಕೊಟ್ಟವಳು ನಾನು. ಆ ಮಾತನ್ನು ಇವತ್ತೂ ಬಿಡಲಾರೆ.

ಆದರೆ ಸಂಜೆ ಪಾತ್ರೆ ತೊಳೆಯುವಾಗ ಚೈತ್ರ ಹೇಳಿದಳು: “ನಿಮ್ ಪಾಲು ಎಡೆಗೆ ಮುಂಚೇನೇ ತೆಗ್ದಿಟ್ಟಿದ್ಲು ಕಣತ್ತಿಗೆ ಅವ್ವ. ದೇವ್ರಿಗಿಂತ ಮೊದ್ಲು ತೆಗೀಬಾರ್ದು ಅಂತ ನಾನಂದೆ. ‘ಸುಮ್ಕಿರೇ, ಅವಳ ದೇವ್ರೂ ಒಪ್ಬೇಕಲ್ಲ’ ಅಂದ್ಲು.”

ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ, ಎಡೆಯಾಗುವ ತನಕ ನೀವು ಒಂದು ಚೂರು ಬೆಲ್ಲವನ್ನೂ ಬಾಯಿಗೆ ಹಾಕಿಕೊಂಡವರಲ್ಲ. ಅಂಥವರು ನನಗಾಗಿ ಆ ನೇಮ ಮುರಿದಿರಿ. ನಾನೋ, ನನ್ನ ಬಾಯಿ ಶುದ್ಧವಾಗಿರಲೆಂಬ ಆತುರದಲ್ಲಿ ನಿಮ್ಮನ್ನು ಒಂದು ಮಾತೂ ಕೇಳಲಿಲ್ಲ. ಇವತ್ತು ಪ್ರಾರ್ಥನೆಯಲ್ಲಿ ಮೊದಲು ಅದನ್ನೇ ಹೇಳಿಕೊಳ್ಳಬೇಕು.

ಮುಂದಿನ ಹಬ್ಬಕ್ಕೆ ನನಗೆಂದು ತೆಗೆದಿಡುವ ಮನಸ್ಸು ನಿಮಗೆ ಬರುತ್ತದೋ ಇಲ್ಲವೋ. ಬಂದರೆ, ಎಡೆಗೆ ಮುಂಚಿನದೋ ಆಮೇಲಿನದೋ ಎಂದು ಕೇಳದೆ, ನಿಮ್ಮ ಕೈಯನ್ನೇ ನಂಬಿ, ನಿಮ್ಮ ಎದುರಿಗೇ ಕುಳಿತು ತಿನ್ನುತ್ತೇನೆ.

ಸುಗುಣ